ಮಾವನ ಎಡೆಗೆ ಬೇಕ್ಡ್ ವೆಜಿಟಬಲ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದು ಮೇಟಗಳ್ಳಿಯ ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ಹುಟ್ಟುಹಬ್ಬದ ಕೇಕಿಗೆ ಆರ್ಡರ್ ಕೊಡಲು ಬಂದವರು ಮೊದಲು ನನ್ನ ಮುಖ ನೋಡುತ್ತಾರೆ. ಪರವಾಗಿಲ್ಲ ಅನ್ನಿಸಿದರೆ ಮಾತ್ರ ಎಷ್ಟು ಕೇಜಿ, ಯಾವ ಹೆಸರು ಅಂತ ಬಾಯಿ ಬಿಡುತ್ತಾರೆ. ಕೇಕು ಚೆನ್ನಾಗಿರುತ್ತದೆ, ಅದಕ್ಕೇ ಸಹಿಸಿಕೊಂಡಿದ್ದಾರೆ. ನನ್ನ ಗಂಡ ಸಂಜಯ್ ಹದಿನಾರು ವರ್ಷದಿಂದ ಯಾಕೆ ಸಹಿಸಿಕೊಂಡಿದ್ದಾರೋ ನನಗೆ ಗೊತ್ತಿಲ್ಲ, ಅವರಿಗೆ ಸಿಹಿ ಅಂದರೆ ಆಗುವುದೇ ಇಲ್ಲ.

ಮಹಾಲಯ ಅಮಾವಾಸ್ಯೆಗೆ ಇನ್ನೂ ಐದು ವಾರ ಇರುವಾಗ ನನ್ನ ಅತ್ತೆ ವಸಂತಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅತ್ತೆ ಹಾಗೆ ಹೊಸಿಲಿನ ಆಚೆ ನಿಂತರೆ ಏನೋ ಕೇಳುವುದಿದೆ ಅಂತ ಅರ್ಥ.

"ಹೋದ್ಸಲ ವರ್ಸ ತುಂಬಿರ್ಲಿಲ್ಲ, ಈ ಸಲ ನಿಮ್ಮಾವುಂಗೆ ಮೊದ್ಲನೇ ಎಡೆ ಕಣವ್ವ," ಅಂದರು. "ಮುದ್ದೆ, ಕೋಳಿಸಾರು, ಒಡೆ, ಕಜ್ಜಾಯ ಎಲ್ಲಾ ಇದ್ದಿದ್ದೇ. ಆದ್ರೆ ಆ ಬೇಕ್ ಮಾಡಿದ್ ತರಕಾರಿ ಇಲ್ದೆ ಅವ್ರು ಎಲೆ ಮುಂದೆ ಕೂರ್ತಾರಾ? ನಿಂಗ್ ಮಾಡಕ್ಕಾದದಾ?"

ನಮ್ಮಲ್ಲಿ ಹಿರಿಯರ ಹಬ್ಬಕ್ಕೆ ತೀರಿಕೊಂಡವರ ಫೋಟೋ ಮುಂದೆ ಬಾಳೆ ಎಲೆ ಹಾಕಿ, ಅವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೆಲ್ಲ ಬಡಿಸುವುದು ಪದ್ಧತಿ. ಅದೇ ಎಡೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ ಕಟ್ಟು, ಬ್ರಾಂದಿ ಕುಡಿಯುತ್ತಿದ್ದವರಿಗೆ ಬ್ರಾಂದಿ. ಬಡಿಸಿ ಆದ ಮೇಲೆ ಬಾಗಿಲು ಹಾಕಿ ಮನೆಯವರೆಲ್ಲ ಆಚೆ ಬಂದುಬಿಡಬೇಕು, ಹಿರಿಯರು ಯಾರ ದೃಷ್ಟಿಯೂ ತಾಗದೆ ನೆಮ್ಮದಿಯಾಗಿ ಉಣ್ಣಲಿ ಅಂತ. ಪಕ್ಕದ ಬೀದಿಯ ಒಬ್ಬರ ಮನೆಯಲ್ಲಿ ಅಜ್ಜನಿಗೆ ಪ್ರತಿವರ್ಷ ಫ್ರೂಟ್ ಸಲಾಡ್ ಇಡುತ್ತಾರೆ. ಹಾಗಿರುವಾಗ ನಮ್ಮ ಮಾವನಿಗೆ ಬೇಕ್ಡ್ ವೆಜಿಟಬಲ್ ಇಟ್ಟರೆ ಯಾರೂ ನಗುವುದಿಲ್ಲ.

ನನ್ನ ಮಾವ ನಿಂಗಯ್ಯನವರು ಒಂದು ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಮೂವತ್ತೊಂದು ವರ್ಷ ಅಡಿಗೆ ಮಾಡಿದವರು. ಹುಟ್ಟಿದ್ದು ಮುದ್ದೆ-ಬಸ್ಸಾರಿನ ಮನೆಯಲ್ಲಿ, ಬಡಿಸಿದ್ದು ಚಮಚ-ಫೋರ್ಕು ಹಿಡಿದ ಸಾಹೇಬರಿಗೆ. ಅಲ್ಲಿಯ ಊಟದಲ್ಲಿ ಅವರ ನಾಲಿಗೆಗೆ ಹತ್ತಿದ್ದು ಇದೊಂದೇ: ಬೆಂದ ತರಕಾರಿಗೆ ಬೆಣ್ಣೆ, ಮೈದಾ, ಹಾಲಿನ ಬಿಳಿ ಗೊಜ್ಜು ಹಾಕಿ, ಮೇಲೆ ಚೀಸು ಉದುರಿಸಿ, ಭಟ್ಟಿಯಲ್ಲಿ ಕೆಂಪಗೆ ಸುಡುವುದು. ವರ್ಷಕ್ಕೆ ಎರಡು ಸಲ ಮನೆಯ ಹಿತ್ತಲಲ್ಲೂ ಮಾಡುತ್ತಿದ್ದರಂತೆ, ದಬರಿ ಪಾತ್ರೆಯ ಮೇಲೂ ಕೆಳಗೂ ಕೆಂಡ ಇಟ್ಟು. ಆಗ ಹೆಂಡತಿ ಮಕ್ಕಳು ಯಾರೂ ಹತ್ತಿರ ಸುಳಿಯುವ ಹಾಗಿರಲಿಲ್ಲ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಮಂಡಿ ನೋವು ಬಂದು ಕುಕ್ಕರಗಾಲಲ್ಲಿ ಕೂರಲು ಆಗದೆ ಅದು ನಿಂತುಹೋಗಿತ್ತು.

"ಮಾಡ್ತೀನಿ ಅತ್ತೆ," ಅಂದೆ. ಅತ್ತೆಯ ಮುಖ ಅರಳಿತು. ನಾನು ಮಾತ್ರ ಓವನ್ನಿನ ಕಡೆ ನೋಡಲಾರದೆ ಮುಖ ತಿರುಗಿಸಿದೆ.

ಯಾಕೆ ಅಂತ ಹೇಳಿಬಿಡುತ್ತೇನೆ, ಬಚ್ಚಿಟ್ಟುಕೊಂಡು ಸಾಕಾಗಿದೆ. ಎರಡು ವರ್ಷದ ಹಿಂದೆ ನಾನು ಓವನ್ ತಂದ ಹೊಸತರಲ್ಲಿ ಒಂದು ದಿನ ಮಾವ ಅಡುಗೆಮನೆಗೆ ಬಂದರು. ನಾನು ಮೂರು ಅಂತಸ್ತಿನ ಕೇಕಿನ ಮಧ್ಯೆ ಮುಳುಗಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾವ ಓವನ್ನಿನ ಗಾಜಿನೊಳಗೆ ಇಣುಕಿ, ಗುಂಡಿಗಳನ್ನು ನೋಡಿ, "ಇದ್ರಲ್ಲಾದ್ರೆ ನಿಂತ್ಕಂಡೇ ಮಾಡ್ಬೋದು. ಒಂದ್ಸಲ ತರಕಾರಿ ಇಟ್ಟು ನೋಡ್ಲೇನವ್ವ?" ಅಂದರು. ನಾನು ತಿರುಗಿ ಕೂಡ ನೋಡದೆ, "ಬೇಡ ಮಾವ. ನನ್ನ ಓವನ್ ಯಾರು ಮುಟ್ಟಿದ್ರೂ ನನಗಾಗಲ್ಲ," ಅಂದುಬಿಟ್ಟೆ. ಅವರು "ಆಯ್ತು ಬುಡವ್ವ" ಅಂದು ಹೋದರು. ಮತ್ತೆ ಯಾವತ್ತೂ ಕೇಳಲಿಲ್ಲ. ನಾನೇ ಕರೆಯೋಣ, ಈ ವಾರ, ಮುಂದಿನ ವಾರ ಅಂದುಕೊಳ್ಳುತ್ತಲೇ ಇದ್ದೆ. ಐದು ತಿಂಗಳಿಗೆ ಅವರು ಹೋಗಿಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವ ಗಾದೆಯನ್ನು ನಾನೇ ಮಗಳಿಗೆ ಹೋಂವರ್ಕಿನಲ್ಲಿ ಬರೆಸಿದ್ದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಆದ್ದರಿಂದ ಈ ಎಡೆ ನನಗೆ ಹಬ್ಬಕ್ಕಿಂತ ಹೆಚ್ಚಿನದಾಗಿತ್ತು. ಮಾವ ಕೇಳಿದ್ದನ್ನು ನಾನು ಕೊಡಲಿಲ್ಲ. ಈಗ ಅದೇ ಓವನ್ನಿನಲ್ಲಿ, ಅವರ ಕೈಯದ್ದೇ ಅನ್ನುವ ಹಾಗೆ, ಒಂದು ಚೂರೂ ತಪ್ಪಿಲ್ಲದೆ ಮಾಡಿ ಅವರ ಎಲೆಗೆ ಬಡಿಸಬೇಕಿತ್ತು.

ಅವರ ಅಳತೆ ಬರೆದಿಟ್ಟ ಚೀಟಿಯಂಥದ್ದು ಯಾವುದೂ ಇರಲಿಲ್ಲ. ಗೆಸ್ಟ್ ಹೌಸಿನಲ್ಲಿ ಅವರ ಕೈಕೆಳಗಿದ್ದ ಕುಮಾರಸ್ವಾಮಿ ಎನ್ನುವವರು ಮಂಡಕಳ್ಳಿಯಲ್ಲಿದ್ದಾರೆ ಅಂತ ಅತ್ತೆ ಹೇಳಿದರು. ಒಂದು ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ಊರಿನ ಆ ತುದಿಗೆ ಹೋದೆ. ಎಪ್ಪತ್ತರ ಹತ್ತಿರದ ಮನುಷ್ಯ, ಜಗುಲಿಯ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದರು. ನಿಂಗಯ್ಯನವರ ಸೊಸೆ ಅಂದ ಕೂಡಲೇ ಮೊರ ಪಕ್ಕಕ್ಕಿಟ್ಟು ಎದ್ದು ನಿಂತರು.

"ನಿಂಗಣ್ಣ ಒಂದಿನಾನೂ ಅಳತೆ ಹೇಳ್ಕೊಟ್ಟೋರಲ್ಲ ಕಣವ್ವ," ಅಂದರು. "ಬರೀ ಬೈಯೋರು. ನಾನು ಕಲ್ತಿದ್ದೆಲ್ಲಾ ಬೈಗುಳದಲ್ಲೇ."

"ಹಾಗಾದ್ರೆ ಬೈಗುಳಾನೇ ಹೇಳಿ, ಬರ್ಕೋತೀನಿ," ಅಂದೆ.

ಮುದುಕರು ನಕ್ಕು ಒಂದೊಂದಾಗಿ ಹೇಳಿದರು. ಎಲ್ಲ ತರಕಾರಿಯನ್ನೂ ಒಟ್ಟಿಗೆ ನೀರಿಗೆ ಹಾಕಿದರೆ, "ಏನ್ಲಾ, ಕ್ಯಾರೆಟ್ಟೂ ಹೂಕೋಸೂ ಒಂದೇ ಹೊಟ್ಟೇಲಿ ಹುಟ್ಟಿದ್ವಾ?" ಅನ್ನುತ್ತಿದ್ದರಂತೆ. ಅಂದರೆ ಆಲೂಗಡ್ಡೆ, ಕ್ಯಾರೆಟ್ಟು ಮೊದಲು, ನಾಲ್ಕು ನಿಮಿಷ ಬಿಟ್ಟು ಬೀನ್ಸು, ಬಟಾಣಿ, ಕೊನೆಗೆ ಹೂಕೋಸು. ಮುಕ್ಕಾಲು ಬೆಂದರೆ ಸಾಕು, ಮಿಕ್ಕಿದ್ದು ಭಟ್ಟಿಯಲ್ಲಿ ಬೇಯುತ್ತದೆ. ಬೆಂದದ್ದನ್ನು ಸರಿಯಾಗಿ ಬಸಿಯದೆ ಹಾಕಿದರೆ, "ಸಾಹೇಬ್ರಿಗೆ ಸಾರು ಕುಡಿಸ್ತೀಯೇನ್ಲಾ?" ಬಸಿದರೆ ಸಾಲದು, ಒಣ ಪಂಚೆಯ ಮೇಲೆ ಹರಡಿ ಹಬೆ ಆರಲು ಬಿಡಬೇಕು. ಟೊಮೆಟೊ, ಸೀಮೆಬದನೆಕಾಯಿಯನ್ನು ಹತ್ತಿರಕ್ಕೇ ಸೇರಿಸಬಾರದು, ಎಷ್ಟು ಬಸಿದರೂ ನೀರು ಬಿಡುತ್ತವೆ.

"ಬಿಳಿ ಗೊಜ್ಜು?" ಅಂದೆ.

"ಅರ್ಧ ಲೀಟರ್ ಹಾಲಿಗೆ ಮೂರು ಚಮಚ ಬೆಣ್ಣೆ, ಮೂರು ಚಮಚ ಮೈದಾ. ಇದು ನಾನು ಕದ್ದು ನೋಡಿದ್ದು. ಮೈದಾ ಹಸಿ ವಾಸನೆ ಹೋಗ್ಬೇಕು, ಆದ್ರೆ ಕೆಂಪಾಗ್ಬಾರ್ದು. ಹಾಲು ಬಿಸಿಯಿರ್ಬೇಕು. ತಣ್ಣಗಿರೋ ಹಾಲು ಸುರಿದ್ರೆ ಗಂಟಾಯ್ತದೆ, ಆಗ 'ಗೋಲಿ ಆಡಕ್ ಬಂದಿದ್ದೀಯಾ' ಅನ್ನೋರು. ಸೌಟಿನ ಬೆನ್ನಿಗೆ ಗೊಜ್ಜು ಅಂಟ್ಕಂಡು, ಬೆರಳಲ್ಲಿ ಗೆರೆ ಎಳುದ್ರೆ ಗೆರೆ ಅಂಗೇ ನಿಲ್ಬೇಕು. ಆಗ ಇಳಿಸ್ಬುಡು."

"ಉಪ್ಪು?"

ಅವರು ಮತ್ತೆ ಮೊರ ಹತ್ತಿರಕ್ಕೆ ಎಳೆದುಕೊಂಡರು. "ಅಲ್ಲೇ ಕಣವ್ವ ಇರೋದು ಕಷ್ಟ. ನಿಂಗಣ್ಣ ನಾಲಿಗೆ ಮೇಲೆ ಹಾಕ್ಕಂಡು ನೋಡೋರು. ನೀನು ಎಡೆಗೆ ಮಾಡೋಳು, ರುಚಿ ನೋಡಂಗಿಲ್ವಲ್ಲ."

ಅದು ನಿಜ. ಹಿರಿಯರು ಉಣ್ಣುವ ಮೊದಲು ನಮ್ಮ ನಾಲಿಗೆಗೆ ತಾಕಿದರೆ ಎಂಜಲು. ಸಾರಿನ ಉಪ್ಪು ನಲವತ್ತು ವರ್ಷದ ಅಭ್ಯಾಸದಲ್ಲಿ ಅತ್ತೆಯ ಕೈಗೇ ಗೊತ್ತು. ಈ ಬಿಳಿ ಗೊಜ್ಜಿನ ಉಪ್ಪು ಯಾರ ಕೈಗೆ ಗೊತ್ತು? ಚೀಸಿನಲ್ಲಿ ಬೇರೆ ಉಪ್ಪಿರುತ್ತದೆ. ನಾನು ಅಲ್ಲೇ ತೀರ್ಮಾನ ಮಾಡಿದೆ: ಹಬ್ಬದೊಳಗೆ ಎಷ್ಟು ಸಲ ಆಗುತ್ತದೋ ಅಷ್ಟು ಸಲ ಮಾಡಿ, ಚಮಚದಲ್ಲಿ ಅಳೆದು, ಬರೆದಿಡುವುದು. ಹಬ್ಬದ ದಿನ ನಾಲಿಗೆಯ ಬದಲು ಚೀಟಿ ನೋಡಿಕೊಂಡು ಹಾಕುವುದು. ಕೇಕು ಮಾಡುವವಳಿಗೆ ಇದೇನು ಹೊಸದಲ್ಲ, ಹಿಟ್ಟು ಓವನ್ನಿಗೆ ಹೋದ ಮೇಲೆ ಅದರ ರುಚಿ ತಿದ್ದಲು ಬ್ರಹ್ಮನಿಗೂ ಆಗುವುದಿಲ್ಲ.

ಹೊರಡುವಾಗ ಮುದುಕರು ಎರಡು ಸೇರು ಅಲಸಂದೆಕಾಯಿ ಕಟ್ಟಿಕೊಟ್ಟರು. ಬೇಡ ಅಂದರೆ ನನ್ನನ್ನೂ ಬೈಯುವ ಹಾಗೆ ಕಂಡಿದ್ದರಿಂದ ತೆಗೆದುಕೊಂಡು ಬಂದೆ.

ಆಮೇಲಿನ ನಾಲ್ಕು ಭಾನುವಾರ ನಮ್ಮ ಮನೆಯಲ್ಲಿ ಅದೇ ಊಟ. ಮೊದಲನೆಯ ಸಲ ಅವಸರಕ್ಕೆ ಪಂಚೆಯ ಮೇಲೆ ಹರಡಲಿಲ್ಲ. ಚಮಚ ಹಾಕಿದರೆ ತಳದಲ್ಲಿ ಕೆರೆ. ಎರಡನೆಯ ಸಲ ಹಾಲು ಬಿಸಿ ಮಾಡುವುದನ್ನು ಮರೆತೆ, ಮಾವ ಹೇಳಿದ ಗೋಲಿಗಳೆಲ್ಲ ಎದ್ದವು. ಜರಡಿಯಲ್ಲಿ ಹಾಕಿ ಒತ್ತಿ ಸೋಸಿದರೆ ಗಂಟು ಹೋಗುತ್ತದೆ ಅನ್ನುವುದು ಆವತ್ತು ಕಲಿತದ್ದು. ಮೂರನೆಯ ಸಲ ಗೊಜ್ಜು ನಯವಾಗಿತ್ತು, ಆದರೆ ಓವನ್ನಿನ ಮೇಲ್ಗಡೆ ಕಾಯುವ ಕಂಬಿಯನ್ನು ಶುರುವಿನಿಂದಲೇ ಹಾಕಿದ್ದರಿಂದ ಚೀಸು ಸೀದು ಒಳಗಿನ ತರಕಾರಿ ತಣ್ಣಗೇ ಉಳಿಯಿತು. ಓವನ್ನನ್ನು ಹದಿನೈದು ನಿಮಿಷ ಮೊದಲೇ ಕಾಯಿಸಿ, ಪಾತ್ರೆಯನ್ನು ನಡುವಿನ ತಟ್ಟೆಯ ಮೇಲಿಟ್ಟು, ಮೊದಲು ಬರೀ ಕೆಳಗಿನ ಕಂಬಿ, ಕೊನೆಯ ಐದು ನಿಮಿಷ ಮಾತ್ರ ಮೇಲಿನದು: ಕೇಕಿನಲ್ಲಿ ಇಷ್ಟು ಗೊತ್ತಿದ್ದವಳು ತರಕಾರಿಯಲ್ಲಿ ಮರೆತಿದ್ದೆ. ಬ್ರೆಡ್ಡಿನ ಪುಡಿಯನ್ನು ಒಂದು ಚಮಚ ಬೆಣ್ಣೆಯಲ್ಲಿ ಕಲಸಿ ಉದುರಿಸಿದರೆ ಅದು ಸೀಯದೆ ಗರಿಗರಿಯಾಗುತ್ತದೆ.

ನಾಲ್ಕನೆಯ ಸಲ ಎಲ್ಲ ಸರಿಹೋಯಿತು. ಮೇಲೆ ಜೇನಿನ ಬಣ್ಣ, ಒಳಗೆ ಒಂದೊಂದು ತುಂಡೂ ತನ್ನ ಆಕಾರ ಬಿಡದೆ ಬೆಂದಿತ್ತು. ಹತ್ತು ನಿಮಿಷ ಆರಲು ಬಿಟ್ಟು ಕತ್ತರಿಸಿದೆ, ಬರ್ಫಿಯ ಹಾಗೆ ಚೌಕ ಎದ್ದು ಬಂತು. ಒಂದು ಕೇಜಿ ತರಕಾರಿಗೆ ಒಟ್ಟು ಎರಡು ಸಣ್ಣ ಚಮಚ ಉಪ್ಪು, ಬೇಯಿಸುವ ನೀರಿಗೆ ಒಂದೂವರೆ, ಗೊಜ್ಜಿಗೆ ಬರೀ ಅರ್ಧ, ಚೀಸಿನದು ಬೇರೆ. ಚೀಟಿಗೆ ಬರೆದು ಫ್ರಿಜ್ಜಿಗೆ ಅಂಟಿಸಿದೆ.

ಒಂಬತ್ತನೆಯ ತರಗತಿಯ ನನ್ನ ಮಗಳು ಗಗನ ತಟ್ಟೆ ನೋಡಿ, "ಅಮ್ಮಾ, ತಾತ ಉಣ್ಣೋದು ಒಂದಿನ. ನಾವು ತಿಂದಿದ್ದು ಒಂದು ತಿಂಗಳು," ಅಂದಳು. ಸಂಜಯ್ ಅಪ್ಪ ಮಾಡುತ್ತಿದ್ದ ರುಚಿ ನೆನಪಿಲ್ಲ ಅಂದು ಉಪ್ಪಿನಕಾಯಿ ಹಾಕಿಕೊಂಡು ಉಂಡರು. ಅತ್ತೆ ಮಾತ್ರ ನಾಲ್ಕು ಸಲವೂ ಒಂದು ತುತ್ತೂ ಮುಟ್ಟಲಿಲ್ಲ. "ಅವ್ರು ಉಣ್ಣೋ ಮುಂಚೆ ನಾನು ಉಣ್ಣಲ್ಲ ಕಣವ್ವ," ಅಂದರು. ಮನೆಯಲ್ಲಿ ಮಾವನ ಕೈರುಚಿ ನೆನಪಿದ್ದ ಒಂದೇ ಒಂದು ನಾಲಿಗೆ ಅದು. ನನಗೆ ಕೋಪ ಬಂತು, ಆದರೆ ಯಾರ ಮೇಲೆ ಅಂತ ತೀರಿಸಿಕೊಳ್ಳುವುದು?

ಹಬ್ಬದ ದಿನ ನಾನು ನಾಲ್ಕೂವರೆಗೇ ಎದ್ದೆ. ಹಿಂದಿನ ದಿನವೇ ಮಾರುಕಟ್ಟೆಯಿಂದ ಎಳೆಯ ಬೀನ್ಸು, ಗಟ್ಟಿ ಹೂಕೋಸು ಆರಿಸಿ ತಂದಿದ್ದೆ. ಅತ್ತೆ ಆಗಲೇ ಹಿತ್ತಲ ಹಂಡೆ ಒಲೆಗೆ ತೆಂಗಿನ ಕರಟ ಹಾಕಿ ನೀರು ಕಾಯಿಸಿಕೊಂಡು ಸ್ನಾನ ಮುಗಿಸಿದ್ದರು. ಗೀಸರಿನ ನೀರು ಅವರ ಮೈಗೆ ಹತ್ತುವುದಿಲ್ಲವಂತೆ. ಗ್ಯಾಸಿನ ಒಂದು ಒಲೆಯ ಮೇಲೆ ಕೋಳಿಸಾರು, ಇನ್ನೊಂದರ ಮೇಲೆ ಒಡೆಯ ಎಣ್ಣೆ. ನಾನು ಚೀಟಿ ನೋಡಿಕೊಂಡು ಉಪ್ಪು ಅಳೆದು, ಗೊಜ್ಜು ಮಾಡಿ, ಗಾಜಿನ ಪಾತ್ರೆಯಲ್ಲಿ ಪದರ ಪದರವಾಗಿ ಜೋಡಿಸಿ, ಚೀಸು, ಬ್ರೆಡ್ಡಿನ ಪುಡಿ ಉದುರಿಸಿ ಹನ್ನೊಂದೂಕಾಲಿಗೆ ಓವನ್ನಿಗಿಟ್ಟೆ. ಹನ್ನೆರಡೂವರೆಗೆ ಎಡೆ.

ಹನ್ನೊಂದು ಇಪ್ಪತ್ತೆರಡಕ್ಕೆ ಓವನ್ನಿನ ದೀಪ ಆರಿತು. ಬೀದಿಯಲ್ಲಿ ಕರೆಂಟಿತ್ತು, ನಮ್ಮ ಮನೆಯಲ್ಲಿ ಮಾತ್ರ ಇಲ್ಲ.

ಎಡೆಗೆ ಮುಂಚೆ ಮನೆಯವರೆಲ್ಲ ತಲೆಗೆ ನೀರು ಹಾಕಿಕೊಳ್ಳಬೇಕಲ್ಲ, ಸಂಜಯ್ ಗೀಸರ್ ಹಾಕಿದ್ದರು. ಗಗನ ಕೈಮಾ ಉಂಡೆಗೆ ಮಿಕ್ಸಿ ತಿರುಗಿಸುತ್ತಿದ್ದಳು. ನನ್ನ ಓವನ್ ಓಡುತ್ತಿತ್ತು. ಮೂರೂ ಒಟ್ಟಿಗೆ. ಇಡೀ ವರ್ಷದಲ್ಲಿ ಹೀಗಾಗುವುದು ಹಿರಿಯರ ಹಬ್ಬದ ದಿನ ಮಾತ್ರ. ಮೀಟರ್ ಹಲಗೆಯ ಹತ್ತಿರ ಸುಟ್ಟ ವಾಸನೆ ಬರುತ್ತಿತ್ತು.

"ಗೀಸರ್ ಹಾಕೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ರೀ?" ಅಂತ ನಾನು ಕೂಗಿದ್ದು ಬೀದಿಯ ಆ ಕೊನೆಗೆ ಕೇಳಿಸಿರಬೇಕು. ಸಂಜಯ್ ತಲೆಯ ಮೇಲೆ ಸೀಗೆಪುಡಿ ಹಾಗೇ ಇಟ್ಟುಕೊಂಡು ಟವಲ್ ಸುತ್ತಿ ಬಂದು ನಿಂತಿದ್ದರು. ಆ ಅವತಾರ ನೋಡಿ ಮುಂದಿನ ಬೈಗುಳ ಬಾಯಿಗೆ ಬರಲಿಲ್ಲ.

ನಮ್ಮ ಬೀದಿಗೆಲ್ಲ ವೈರಿಂಗ್ ಕೆಲಸ ಮಾಡುವ ಸಿದ್ದಪ್ಪಾಜಿಗೆ ಫೋನ್ ಮಾಡಿದೆ. "ಅಕ್ಕಾ, ಈಗ ತಾನೆ ಎಡೆ ಇಟ್ಟು ಬಾಗ್ಲು ಹಾಕಿದ್ದೀವಿ. ನಮ್ಮಪ್ಪ ಒಳಗೆ ಉಣ್ತಾವ್ರೆ. ಅವ್ರ ಊಟ ಆಗಿ, ನಮ್ಮ ಊಟ ಆದ್ಮೇಲೆ ಬತ್ತೀನಿ," ಅಂದ. ಹಬ್ಬದ ದಿನ ಅವನ ಮನೆಗೂ ಹಿರಿಯರು ಬರುತ್ತಾರೆ, ಫೋನ್ ಇಟ್ಟೆ.

ಓವನ್ನಿನ ಬಾಗಿಲು ತೆಗೆದು ನೋಡಿದೆ. ಚೀಸು ಕರಗಿರಲೂ ಇಲ್ಲ. ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಒಂದು ತಿಂಗಳು, ನಾಲ್ಕು ಭಾನುವಾರ, ಫ್ರಿಜ್ಜಿನ ಮೇಲಿನ ಚೀಟಿ, ಎಲ್ಲ ಮಾಡಿದ್ದು ಆ ಒಂದು ಮಾತನ್ನು ಅಳಿಸುವುದಕ್ಕೆ. ಮಾವ ಎರಡನೆಯ ಸಲವೂ ನನ್ನ ಓವನ್ನಿನಿಂದ ಬರಿಗೈಯಲ್ಲಿ ಹೋಗುತ್ತಾರೆ ಅನ್ನಿಸಿತು.

ಅತ್ತೆ ಬಂದು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಏಳು. ಹಂಡೆ ಒಲೇಲಿ ಕೆಂಡ ಐತೆ," ಅಂದರು.

"ಅತ್ತೆ, ಇದು ಗಾಜಿನ ಪಾತ್ರೆ. ಬೆಂಕಿಗಿಟ್ರೆ ಒಡೆದು ಚೂರಾಗುತ್ತೆ."

"ದಬರಿಗೆ ಬಗ್ಗಿಸು."

ನಾನು ಅಷ್ಟು ಚೆಂದವಾಗಿ ಜೋಡಿಸಿದ ಪದರಗಳನ್ನು ಸೌಟಿನಲ್ಲಿ ಎತ್ತಿ ದಪ್ಪ ತಳದ ಅಲ್ಯೂಮಿನಿಯಂ ದಬರಿಗೆ ಹಾಕಬೇಕಾಯಿತು. ಚೀಸು ಕೆಳಗೆ ಹೋಯಿತು, ತರಕಾರಿ ಮೇಲೆ ಬಂತು. ಉಳಿದಿದ್ದ ಹಿಡಿ ಚೀಸನ್ನೂ ಬ್ರೆಡ್ಡಿನ ಪುಡಿಯನ್ನೂ ಮೇಲೆ ಉದುರಿಸಿ ಹೊತ್ತುಕೊಂಡು ಹೋದೆ. ಅತ್ತೆ ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟು, ನಡುವೆ ಕೆಂಡ ತೆಳ್ಳಗೆ ಹರಡಿ, ದಬರಿ ಕೂರಿಸಿ, ಚಪ್ಪಟೆ ಮುಚ್ಚಳ ಮುಚ್ಚಿದರು. ಅರವತ್ತೆಂಟು ವರ್ಷದ ಹೆಂಗಸು, ಕುಕ್ಕರಗಾಲಲ್ಲಿ ಕೂತು ನನಗೆ ಕೈ ನೀಡಿದರು.

"ಕೆಂಡ ತಾ. ಇಕ್ಕಳದಲ್ಲಿ. ಬೂದಿ ಕೊಡವಿ ತಾ."

ತಂದೆ. "ಇನ್ನೂ ತಾ. ಕೆಳಗೆ ಒಂದು ಪಾಲಾದ್ರೆ ಮೇಲೆ ಎರಡು ಪಾಲು ಕೆಂಡ ಇರ್ಬೇಕು. ಇಲ್ದಿದ್ರೆ ತಳ ಸೀದೋಯ್ತದೆ, ಮೇಲೆ ಬಣ್ಣ ಬರಲ್ಲ. ಇಪ್ಪತ್ತೈದು ವರ್ಷ ನಾನು ಅವ್ರಿಗೆ ಕೆಂಡ ತಂದ್ಕೊಟ್ಟೋಳು. ಹತ್ರ ಕೂರಿಸ್ಕೊತಿರ್ಲಿಲ್ಲ, ಆದ್ರೆ ಕಣ್ಣಿಗೆ ಬಟ್ಟೆ ಕಟ್ಟಿರ್ಲಿಲ್ವಲ್ಲ."

ಹತ್ತು ನಿಮಿಷಕ್ಕೆ ನಾನು ಮುಚ್ಚಳ ಎತ್ತಲು ಹೋದೆ, ಕೈ ಮೇಲೆ ಪಟ್ಟನೆ ಒಂದು ಬಿತ್ತು. "ಪದೇ ಪದೇ ತೆಗೆದ್ರೆ ಕಾವು ಹೋಯ್ತದೆ. ಮೂಗಿಲ್ವಾ ನಿಂಗೆ?" ನನ್ನ ಅಡುಗೆಮನೆಯಲ್ಲಿ ನಾನು ಎಲ್ಲರಿಗೂ ಹೇಳುವ ಮಾತು ಅದು. ಕೇಳಿಸಿಕೊಳ್ಳುವ ಕಡೆ ನಿಂತರೆ ಹೇಗಿರುತ್ತದೆ ಅಂತ ಆವತ್ತು ತಿಳಿಯಿತು. ಸುಮ್ಮನೆ ನಿಂತು ಮೂಗಿನಲ್ಲಿ ನೋಡಿದೆ. ಮೊದಲು ಹಾಲಿನ ವಾಸನೆ, ಆಮೇಲೆ ಬೆಣ್ಣೆಯದು, ಆಮೇಲೆ ಚೀಸು ಕೆಂಪಾಗುವುದು. ಕೊನೆಗೆ ಇನ್ನೊಂದು.

"ಅತ್ತೆ, ತಳ ಹಿಡೀತಿದೆ."

"ಹಿಡೀಲಿ ಬುಡು. ನಿಮ್ಮಾವುಂದೂ ಹಿಡಿಯೋದು."

ಮುಚ್ಚಳ ತೆಗೆದಾಗ ಮೇಲ್ಭಾಗ ಒಂದು ಕಡೆ ಕೆಂಪು, ಒಂದು ಕಡೆ ಬಿಳಿ. ನನ್ನ ನಾಲ್ಕನೆಯ ಭಾನುವಾರದ ಪಕ್ಕ ಇಟ್ಟರೆ ನಾಚಿಕೆಯಾಗಬೇಕು. ರುಚಿ ಹೇಗಿದೆಯೋ ಶಿವನೇ ಬಲ್ಲ, ನೋಡುವ ಹಾಗಿರಲಿಲ್ಲ. ಉಪ್ಪು ಮಾತ್ರ ಸರಿಯಾಗಿತ್ತು ಅಂತ ಆಮೇಲೆ ಊಟಕ್ಕೆ ಕೂತಾಗ ಗೊತ್ತಾಯಿತು.

ಒಂದು ಗಂಟೆಗೆ ಎಡೆ ಇಟ್ಟೆವು. ಮಾವನ ಫೋಟೋಗೆ ಹೂವು, ಮುಂದೆ ಹೊಸ ಪಂಚೆ, ಟವಲು. ಎಲೆಯ ಮೇಲೆ ಮುದ್ದೆ, ಸಾರು, ಕೈಮಾ ಉಂಡೆ, ಒಡೆ, ಕಜ್ಜಾಯ. ನಾನು ಬೇಕ್ಡ್ ವೆಜಿಟಬಲ್ ಬಡಿಸಿದೆ. ಚೌಕವಾಗಿ ಬರಲಿಲ್ಲ, ಚಮಚದಿಂದ ಜಾರಿ ರಾಶಿಯಾಗಿ ಬಿತ್ತು. ಸಂಜಯ್ ಧೂಪ ಹಾಕಿದರು. ಎಲ್ಲರೂ ಅಡ್ಡಬಿದ್ದು, ಬಾಗಿಲು ಮುಂದಕ್ಕೆಳೆದುಕೊಂಡು ಆಚೆ ಬಂದೆವು.

ಸಂಜಯ್, ಗಗನ ಗೇಟಿನ ಹತ್ತಿರ ನಿಂತರು. ಅತ್ತೆ ಜಗುಲಿಯ ಮೇಲೆ ಕೂತರು, ನಾನು ಪಕ್ಕದಲ್ಲಿ. ಬೀದಿಯಲ್ಲಿ ನಮ್ಮ ಹಾಗೇ ನಾಲ್ಕಾರು ಮನೆಯವರು ಬಾಗಿಲು ಹಾಕಿಕೊಂಡು ಆಚೆ ನಿಂತಿದ್ದರು. ಹಿಂದೆ ಮುಚ್ಚಿದ ಬಾಗಿಲು, ಅದರಾಚೆ ಮಾವ ಊಟಕ್ಕೆ ಕೂತಿದ್ದಾರೆ. ಅವರು ಎದ್ದು ಹೋಗುವುದರೊಳಗೆ ಹೇಳಿಬಿಡಬೇಕು ಅನ್ನಿಸಿತು. ಆಮೇಲೆ ಹೇಳಿದರೆ ಪ್ರಯೋಜನವಿಲ್ಲ.

"ಅತ್ತೆ, ಮಾವ ಒಂದು ದಿನ ಬಂದು ಓವನ್ ಕೇಳಿದ್ರು. ತರಕಾರಿ ಇಟ್ಟು ನೋಡ್ಲಾ ಅಂತ. ನಾನು ಮುಟ್ಟಬೇಡಿ ಅಂದ್ಬಿಟ್ಟೆ. ತಿರುಗಿ ಕೂಡ ನೋಡ್ಲಿಲ್ಲ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೆ. "ಅವರು ಆಸೆಪಟ್ಟು ಕೇಳಿದ್ರು ಅತ್ತೆ. ಇವತ್ತು ಸರಿ ಮಾಡೋಣ ಅಂದ್ಕೊಂಡೆ, ಅದೂ ಆಗ್ಲಿಲ್ಲ."

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಕೋಪ ಬರುತ್ತದೆ ಅಂದುಕೊಂಡೆ. ಬಂದಿದ್ದರೆ ನನಗೂ ಹಗುರವಾಗುತ್ತಿತ್ತು.

"ನಂಗೊತ್ತು," ಅಂದರು. "ಆವತ್ತೇ ಸಂಜೆ ಬಂದು ಹೇಳಿದ್ರು. ನಕ್ಕಂಡು ನಕ್ಕಂಡು ಹೇಳಿದ್ರು."

"ನಕ್ಕೊಂಡಾ?"

"ಊಂ. ಮೂವತ್ತು ವರ್ಷ ಆ ಗೆಸ್ಟ್ ಹೌಸಲ್ಲಿ ನಾನು ಯಾರನ್ನೂ ಒಲೆ ಮುಟ್ಟಕ್ಕೆ ಬುಡ್ಲಿಲ್ಲ, ಮ್ಯಾನೇಜರ್ ಬಂದ್ರೂ ಆಚೆ ನಿಲ್ಲಿ ಅಂದಿದ್ದೀನಿ ಅಂದ್ರು. ಇವತ್ತು ನಂಗೇ ಆಚೆ ನಿಲ್ಲು ಅನ್ನೋರು ಸಿಕ್ಕಿದ್ರು ಅಂದ್ರು. ನಿನ್ನ ಸೊಸೆ ಬರೀ ಅಡಿಗೆ ಮಾಡೋ ಹೆಂಗಸಲ್ಲ ಕಣೇ ವಸಂತಾ, ಅವಳು ನನ್ನಂಗೇ ಅಡಿಗೆಯವಳು ಅಂದ್ರು." ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನನ್ನ ಮದ್ವೆ ಆಗಿ ನಲವತ್ನಾಲ್ಕು ವರ್ಷ. ನನ್ನ ಯಾವತ್ತೂ ಅಂಗ್ ಅನ್ಲಿಲ್ಲ. ಎರಡು ದಿನ ನಿನ್ನ ಮೇಲೆ ನಂಗೆ ಹೊಟ್ಟೆಕಿಚ್ಚಿತ್ತು, ಗೊತ್ತಾ?"

ನಾನು ಅತ್ತುಬಿಟ್ಟೆ. ಗೇಟಿನ ಹತ್ತಿರ ಸಂಜಯ್ ಗಾಬರಿಯಾಗಿ ನನ್ನ ಕಡೆ ನೋಡಿದರು, ಗೀಸರಿನ ವಿಷಯ ಇನ್ನೂ ಮುಗಿದಿಲ್ಲ ಅಂದುಕೊಂಡರೋ ಏನೋ. ಎರಡು ವರ್ಷ ಹೊತ್ತುಕೊಂಡು ತಿರುಗಿದ ಭಾರ ಇಳಿದು, ಅಳುವಿನ ಮಧ್ಯೆಯೇ ನನಗೆ ನಗುವೂ ಬರುತ್ತಿತ್ತು.

ಅತ್ತೆ ನನ್ನ ಬೆನ್ನ ಮೇಲೆ ಎರಡು ಸಲ ತಟ್ಟಿ, ಮಂಡಿಗೆ ಕೈಯೂರಿ ಎದ್ದರು. ಒಳಗೆ ಹೋಗುವ ಮೊದಲು ಬಾಗಿಲು ತಟ್ಟಿ ಹಿರಿಯರಿಗೆ ಸೂಚನೆ ಕೊಡಬೇಕು. ಅವರು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದರು, ಬದುಕಿದ್ದಾಗ ಮಾವನನ್ನು ಕರೆಯುತ್ತಿದ್ದ ಅದೇ ದನಿಯಲ್ಲಿ ಕೂಗಿದರು.

"ಏನ್ರೀ, ಊಟ ಆಯ್ತಾ? ನಿಮ್ ಅಡಿಗೆಯವ್ಳು ಆಚೆ ಅಳ್ತಾ ಕೂತವ್ಳೆ. ಬಾಗ್ಲು ತೆಗೀತೀವಿ."